ಗಡಿಯಾರದ ಪಕ್ಕ ಕೂತವಳು

ಬೊಗ್ನಾ ಕೂರುತ್ತಿದ್ದ ಸ್ಟೂಲು ಈಗ ನಮ್ಮ ಪ್ರಯೋಗಾಲಯದ ಹೊರಗೆ, ಕೋಟು ನೇತುಹಾಕುವ ಗೂಟಗಳ ಕೆಳಗೆ ಬಿದ್ದಿದೆ. ಹೊಸದಾಗಿ ಬಂದ ಹುಡುಗರು ಕೆಸರಿನ ಬೂಟನ್ನು ಅದರ ಮೇಲಿಟ್ಟು ಲಾಡಿ ಕಟ್ಟಿಕೊಳ್ಳುತ್ತಾರೆ. ಕಂಡಾಗಲೆಲ್ಲ ಬೈಯುತ್ತೇನೆ. ಮುದುಕಿಗೆ ಒಂದು ಹಳೇ ಸ್ಟೂಲಿನ ಮೇಲೆ ಇಷ್ಟೇಕೆ ಮೋಹ ಎಂದು ಅವರು ನನ್ನ ಬೆನ್ನ ಹಿಂದೆ ನಗುತ್ತಾರೆ. ನಗಲಿ, ನಗುವ ವಯಸ್ಸು. ಆದರೆ ಆ ಸ್ಟೂಲಿನ ಮೇಲೆ ಒಂದು ಹೆಣ್ಣಿನ ಆಯುಸ್ಸಿನ ಒಳ್ಳೆಯ ಭಾಗವೆಲ್ಲ ಸವೆದುಹೋಗಿದೆ, ಆ ಕಥೆಯನ್ನು ಬರೆದಿಡುವ ತಾಳ್ಮೆ ನನ್ನನ್ನು ಬಿಟ್ಟರೆ ಇಲ್ಲಿ ಯಾರಿಗೂ ಇಲ್ಲ.

ನನ್ನ ಹೆಸರು ಹೆನ್ರಿಕಾ. ವಿಸ್ತುಲಾ ನದಿಯ ದಂಡೆಯ ಈ ಊರಿನಲ್ಲಿ ಮೂವತ್ತು ವರ್ಷದಿಂದ ಲೇಸರುಗಳನ್ನು ಪಳಗಿಸುವುದೇ ನನ್ನ ಉದ್ಯೋಗ. ನಾಲಿಗೆ ಸ್ವಲ್ಪ ಚೂಪು ಎನ್ನುತ್ತಾರೆ. ಲೇಸರುಗಳ ಜೊತೆ ಸಂಸಾರ ಮಾಡಿದವರಿಗೆ ಗೊತ್ತು, ಅವಕ್ಕೆ ಮೆತ್ತಗಿನ ಮಾತು ತಾಗುವುದಿಲ್ಲ.

ಬೊಗ್ನಾ ನಮ್ಮಲ್ಲಿಗೆ ಡಾಕ್ಟರೇಟಿಗೆಂದು ಬಂದಾಗ ಮೂವತ್ತರ ಹತ್ತಿರ ಬಂದಿದ್ದಳು. ಜೊತೆಯವರಿಗಿಂತ ದೊಡ್ಡವಳು, ಎತ್ತರದ ಆಳು, ಅಗಲ ಭುಜ, ನಡೆದರೆ ನೆಲದ ಹಲಗೆ ಗೊತ್ತುಮಾಡುತ್ತಿತ್ತು. ನದಿ ಹರಿದುಹೋಗುವ ಕಡೆಯ ಒಂದು ರೈಲ್ವೆ ಊರಿನವಳು, ಅಪ್ಪ ಅಲ್ಲಿ ಸಿಗ್ನಲ್ ಕೆಲಸದಲ್ಲಿದ್ದವನು. ಅವಳ ಕೈ ಸದಾ ಬೆಚ್ಚಗಿರುತ್ತಿತ್ತು. ಜನವರಿಯ ಚಳಿಯಲ್ಲಿ, ಹೊರಗೆ ನದಿಯೇ ಕಲ್ಲಾಗಿರುವಾಗ, ಕೈಗವಸು ಇಲ್ಲದೆ ಬಂದರೂ ಅವಳ ಅಂಗೈ ಆಗ ತಾನೇ ಒಲೆಯ ಮುಂದಿನಿಂದ ಎದ್ದು ಬಂದಂತೆ. ಓಲ್ಗ್ಯೆರ್ಡ್ ಎಂಬ ಇನ್ನೊಬ್ಬ ಸಂಶೋಧಕ ಹುಡುಗ, ಕಂಪ್ಯೂಟರ್ ಕೆಲಸದವನು, ಅವಳು ಬಾಗಿಲಲ್ಲಿ ಕಂಡ ಕೂಡಲೇ ಶುರುಮಾಡುತ್ತಿದ್ದ.

"ಬಂತಪ್ಪಾ ನಮ್ಮ ಒಲೆ! ಹೆನ್ರಿಕಾ, ಬನ್ನಿ ಬನ್ನಿ, ಕೈ ಕಾಯಿಸ್ಕೊಳ್ಳಿ."

"ಒಲೆಗೆ ಸೌದೆ ಯಾರೋ ಹಾಕ್ತಾರೆ? ಹೋಗಿ ಚಹಾ ಮಾಡ್ಕೊಂಡ್ ಬಾ, ಸೋಮಾರಿ," ಎನ್ನುತ್ತಿದ್ದಳು ಅವಳು.

ಆ ತಮಾಷೆ ಮುಂದೆ ನಮ್ಮ ಗಂಟಲಲ್ಲೇ ಸಿಕ್ಕಿಕೊಂಡಿತು.

ನಾವು ಕಟ್ಟುತ್ತಿದ್ದ ಗಡಿಯಾರಕ್ಕೆ ಮುಳ್ಳಿಲ್ಲ, ಟಿಕ್ ಟಿಕ್ ಇಲ್ಲ. ಸ್ಟ್ರಾನ್ಷಿಯಂ ಎಂದು ಒಂದು ಲೋಹವಿದೆ, ಪಟಾಕಿಗೆ ಕೆಂಪು ಬಣ್ಣ ಕೊಡುವುದು ಅದೇ. ಅದನ್ನು ಪುಟ್ಟ ಕುಲುಮೆಯಲ್ಲಿ ಕಾಯಿಸಿದರೆ ಪರಮಾಣುಗಳು ಆವಿಯಾಗಿ ಹಾರುತ್ತವೆ. ಗಾಳಿಯ ಲವಲೇಶವೂ ಇಲ್ಲದ ಉಕ್ಕಿನ ಪಾತ್ರೆಯೊಳಗೆ ಅವನ್ನು ನೀಲಿ ಬೆಳಕಿನಿಂದ ತಡೆದು, ಕೆಂಪು ಬೆಳಕಿನಿಂದ ತಣಿಸಿ, ಬೆಳಕಿನದೇ ಪಂಜರದಲ್ಲಿ ಕೂಡಿಹಾಕುವುದು. ಆಮೇಲೆ ಅವಕ್ಕೆ ಒಂದೇ ಪ್ರಶ್ನೆ: ನಿಮ್ಮ ಬಣ್ಣ ಇದೇ ತಾನೆ? ಅವು ಹೌದು ಎಂದ ಬೆಳಕಿನ ಅಲೆಗಳನ್ನು ಎಣಿಸುವುದೇ ಕಾಲವನ್ನು ಅಳೆಯುವುದು. ಮಿಕ್ಕವರ ಗಡಿಯಾರಗಳು ಒಂದು ಹಿಡಿ ಪರಮಾಣು ಹಿಡಿಯುತ್ತವೆ, ಕೇಳುತ್ತವೆ, ಚೆಲ್ಲುತ್ತವೆ, ಮತ್ತೆ ಹಿಡಿಯಲು ಹೋಗುತ್ತವೆ. ಆ ನಡುವೆ ಅವು ಕುರುಡು. ನಮ್ಮದು ಹಾಗಲ್ಲ. ಒಂದು ಕಡೆಯಿಂದ ಪರಮಾಣುಗಳು ಬರುತ್ತಲೇ ಇರಬೇಕು, ಇನ್ನೊಂದು ಕಡೆ ಹೋಗುತ್ತಲೇ ಇರಬೇಕು, ಪ್ರಶ್ನೆ ನಿಲ್ಲಬಾರದು. ಕಣ್ಣು ಮಿಟುಕಿಸದ ಗಡಿಯಾರ. ಬೊಗ್ನಾಳ ಡಾಕ್ಟರೇಟು ಅದರ ಮೇಲೆ ನಿಂತಿತ್ತು: ಹೀಗೊಂದನ್ನು ಕಟ್ಟಬಹುದು, ಅದು ಮಿಕ್ಕವಕ್ಕಿಂತ ನಿಜ ಹೇಳುತ್ತದೆ ಎಂದು ತೋರಿಸಿಕೊಟ್ಟರೆ ಅವಳು ಗೆದ್ದಳು.

ಕಟ್ಟಿದೆವು. ಆದರೆ ಅದಕ್ಕೊಂದು ಹುಟ್ಟುರೋಗವಿತ್ತು. ಪಂಜರದ ಬೆಳಕನ್ನು ಪಾತ್ರೆಯೊಳಕ್ಕೆ ತಿರುಗಿಸುವ ಕನ್ನಡಿ ತನ್ನಷ್ಟಕ್ಕೇ ಜಾರುತ್ತಿತ್ತು. ಕೂದಲೆಳೆಯ ನೂರನೇ ಪಾಲು ಜಾರಿದರೆ ಸಾಕು, ಪಂಜರ ಒಡೆದು ಗಡಿಯಾರ ನಿಲ್ಲುತ್ತಿತ್ತು. ಅದನ್ನು ತಾನಾಗಿ ಸರಿಮಾಡುವ ಸಣ್ಣ ಮೋಟಾರುಗಳಿವೆ. ನಮ್ಮ ಪ್ರೊಫೆಸರ್ ಜೆಮೊವಿತ್ ತರಿಸಲಿಲ್ಲ, ಏಕೆಂದರೆ ಬೊಗ್ನಾ ಇದ್ದಳು. ಅವಳು ಸ್ಟೂಲನ್ನು ಪಾತ್ರೆಯ ಪಕ್ಕಕ್ಕೆ ಎಳೆದುಕೊಂಡು, ಎಡಭುಜವನ್ನು ಪಾತ್ರೆಯ ಗಾಜಿನ ಕಿಟಕಿಗೆ ಕೊಟ್ಟು, ಬಲಗೈಯ ಎರಡು ಬೆರಳನ್ನು ಕನ್ನಡಿಯ ತಿರುಪಿನ ಮೇಲಿಟ್ಟು ಕೂರುತ್ತಿದ್ದಳು. ಪರದೆಯ ಮೇಲಿನ ಗೆರೆ ಒಂದಿಷ್ಟು ನಡುಗಿದರೆ ಸಾಕು, ಬೆರಳು ತಾನೇ ತಿರುಗುತ್ತಿತ್ತು. ಓಲ್ಗ್ಯೆರ್ಡ್ ಕೂತರೆ ಕಾಲು ಗಂಟೆಯಲ್ಲಿ ಗಡಿಯಾರ ಸತ್ತಿತೆಂದೇ ಲೆಕ್ಕ. ನಾನು ಕೂತರೆ ಗಡಿಯಾರಕ್ಕಿಂತ ಮುಂಚೆ ನನ್ನ ಸೊಂಟ ಸಾಯುತ್ತಿತ್ತು.

"ಹುಡುಗಿ ಕೈ ನೋಡ್ರೀ!" ಎಂದು ಪ್ರೊಫೆಸರ್ ಬಂದವರಿಗೆಲ್ಲ ತೋರಿಸುತ್ತಿದ್ದರು. "ಇಂಥಾ ಕೈ ಇರುವಾಗ ಮೋಟಾರ್ ಯಾತಕ್ಕೆ?"

ಹೊಗಳಿಕೆಗೆ ಖರ್ಚಿಲ್ಲವಲ್ಲ. ಹೀಗಾಗಿ ಕಣ್ಣು ಮಿಟುಕಿಸದ ಗಡಿಯಾರ ಬೊಗ್ನಾ ಎಚ್ಚರವಿದ್ದಷ್ಟು ಹೊತ್ತು ಮಾತ್ರ ನಡೆಯುತ್ತಿತ್ತು. ಅವಳು ಮಲಗಿದರೆ ಅದೂ ಮಲಗಿತು.

ಪಾತ್ರೆಯ ಸುತ್ತ ಉಷ್ಣಮಾಪಕಗಳನ್ನು ಅಂಟಿಸಿದ್ದೆವು, ಏಕೆಂದರೆ ಪರಮಾಣುಗಳಿಗೆ ಬಿಸಿ ಒಗ್ಗದು. ಸುತ್ತಲಿನ ಗೋಡೆ ಒಂದಿಷ್ಟು ಬೆಚ್ಚಗಾದರೂ ಅವುಗಳ ಬಣ್ಣ ಬದಲಾಗುತ್ತದೆ, ಗಡಿಯಾರ ನಿಧಾನವಾಗುತ್ತದೆ. ಕುಲುಮೆಯ ಕಡೆ ಮಾಪಕಗಳನ್ನು ಸಾಲಾಗಿ ಹಾಕಿದ್ದೆವು, ಭಯವೆಲ್ಲ ಆ ಕಡೆಯದೇ. ಬೊಗ್ನಾ ಕೂರುವ ಕಡೆ ಒಂದೇ ಒಂದು ಇತ್ತು. ಅದರ ತಂತಿ ಅವಳ ಸ್ವೆಟರಿನ ತೋಳಿಗೆ ಸಿಕ್ಕಿ ಸಿಕ್ಕಿ ಎಳೆಯುತ್ತಿತ್ತು. ಮೊದಲ ಚಳಿಗಾಲದಲ್ಲೇ ಅವಳು ಪ್ರೊಫೆಸರರನ್ನು ಕೇಳಿ ಅದನ್ನು ಕಿತ್ತು ಮೇಲುಗಡೆ ಅಂಟಿಸಿದಳು. "ಆ ಕಡೆ ಏನಿದೆ ಬಿಸಿಯಾಗೋಕೆ?" ಎಂದರು ಪ್ರೊಫೆಸರ್. ನಾವೆಲ್ಲ ತಲೆಯಾಡಿಸಿದೆವು. ಕೆಲಸ ಸುಲಭವಾಯಿತು, ಅಷ್ಟೇ.

ಅವಳೇಕೆ ಎದ್ದು ಹೋಗುವುದಿಲ್ಲ, ಊಟವನ್ನೂ ಅಲ್ಲೇಕೆ ತಿನ್ನುತ್ತಾಳೆ ಎಂದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಒಮ್ಮೆ ಗದರಿಸಿದೆ.

"ಅದೇನು ನಿನ್ನ ಮಗುವೇನೇ? ಒಂದು ಗಳಿಗೆ ನಿಂತ್ರೆ ನಿಲ್ಲುತ್ತಪ್ಪ. ಮತ್ತೆ ಹಚ್ಚಿದ್ರಾಯ್ತು."

ಆಗ ಹೇಳಿದಳು. ಅವಳ ಅಪ್ಪನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ. ಓದು ಬಿಟ್ಟು ಮನೆಗೆ ಹೋಗಿ ಇಡೀ ಚಳಿಗಾಲ ಪಕ್ಕದಲ್ಲಿ ಕೂತಳು. ಉಸಿರು ಕಟ್ಟಿದಾಗ ಎತ್ತಿ ಕೂರಿಸುವುದು, ಬೆನ್ನು ತಟ್ಟುವುದು, ಬಾಯಿ ಒರೆಸುವುದು. ಒಂದು ಬೆಳಗ್ಗೆ ಬ್ರೆಡ್ಡು ತರಲು ಕೆಳಗಿಳಿದಳು. ಅಂಗಡಿ ಅದೇ ಕಟ್ಟಡದ ಕೆಳಗೆ. ಹತ್ತಿ ಬರುವಷ್ಟರಲ್ಲಿ ಅಪ್ಪ ಇರಲಿಲ್ಲ.

"ಬ್ರೆಡ್ಡು ಇನ್ನೂ ಬಿಸಿಯಾಗೇ ಇತ್ತು ಹೆನ್ರಿಕಾ," ಎಂದಳು. ತಿರುಪಿನ ಮೇಲಿನ ಬೆರಳು ಆಗಲೂ ಅಲ್ಲಾಡಲಿಲ್ಲ.

ಮರುದಿನದಿಂದ ಊಟವನ್ನು ನಾನೇ ಅಲ್ಲಿಗೆ ಒಯ್ದುಕೊಟ್ಟೆ.

ಅವಳ ಪ್ರಬಂಧದ ಕೊನೆಯ ಅಧ್ಯಾಯಕ್ಕೆ ನಮ್ಮ ಗಡಿಯಾರವನ್ನು ಬೇರೊಂದರ ಜೊತೆ ಹೋಲಿಸಬೇಕಿತ್ತು. ದಕ್ಷಿಣದ ಬೆಟ್ಟದ ಕಡೆ ಇನ್ನೊಂದು ತಂಡದವರದಿತ್ತು, ಹಳೇ ಕಾಲದ್ದು, ಹಿಡಿದು ಚೆಲ್ಲುವಂಥದ್ದು. ನೆಲದೊಳಗೆ ಬೆಳಕು ಸಾಗಿಸುವ ಗಾಜಿನ ಎಳೆಯಲ್ಲಿ ಎರಡಕ್ಕೂ ಸಂಬಂಧ ಕಟ್ಟಿದೆವು. ನಮ್ಮದು ಸ್ವಲ್ಪ ನಿಧಾನ ಬಂತು. ಭೂಮಿ ಹುಟ್ಟಿದ ದಿನ ಎರಡನ್ನೂ ಒಟ್ಟಿಗೆ ಚಾಲೂ ಮಾಡಿದ್ದರೆ ಇವತ್ತಿಗೆ ನಾಲ್ಕೈದು ಸೆಕೆಂಡಿನ ಅಂತರ. ನಿಮಗೆ ನಗು ಬರಬಹುದು. ನಾವು ತಲೆ ಒಡೆದುಕೊಳ್ಳುವುದು, ಸ್ನೇಹ ಮುರಿದುಕೊಳ್ಳುವುದು ಎಲ್ಲ ಅಷ್ಟಕ್ಕೇ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪ್ರೊಫೆಸರ್ ಜೆಮೊವಿತ್ ನಿಜಕ್ಕೂ ನೆಲವನ್ನೇ ಹಿಡಿದುಕೊಂಡರು. ಎತ್ತರದಲ್ಲಿರುವ ಗಡಿಯಾರ ಕೊಂಚ ಬೇಗ ಓಡುತ್ತದೆ, ಅದು ಪ್ರಕೃತಿ ನಿಯಮ, ಆ ಲೆಕ್ಕ ಕಳೆದೇ ಹೋಲಿಸಿದ್ದೆವು. ಬೆಟ್ಟದವರ ಎತ್ತರವನ್ನು ತಪ್ಪಾಗಿ ಅಳೆದಿದ್ದಾರೆ ಎಂದು ಮೋಜಣಿಯವರನ್ನು ಮತ್ತೆ ಕಳಿಸಿದರು. ಎತ್ತರ ಸರಿಯಾಗಿಯೇ ಇತ್ತು. ಆಮೇಲೆ ಗಾಜಿನ ಎಳೆ ಸರಿಯಿಲ್ಲ ಎಂದರು. ಕೊನೆಗೆ, "ಅವರದೇ ತಪ್ಪು ಕಣ್ರೀ. ನಮ್ಮದು ಹೊಸದು, ಕಣ್ಣು ಮುಚ್ಚಲ್ಲ. ಅವರ ಗಡಿಯಾರ ಅರ್ಧ ಹೊತ್ತು ನಿದ್ದೆ ಹೊಡೀತಿರುತ್ತೆ," ಎಂದು ತೀರ್ಮಾನ ಕೊಟ್ಟರು. ಬೊಗ್ನಾ ಅದನ್ನು ನಂಬಿದಳು. ಎರಡು ಚಳಿಗಾಲದ ಅಳತೆಗಳನ್ನು ಸೇರಿಸಿ ಪ್ರಬಂಧ ಬರೆದು ಮುಗಿಸಿದಳು. ಡಿಸೆಂಬರಿನಲ್ಲಿ ಪರೀಕ್ಷಕರ ಮುಂದೆ ನಿಲ್ಲುವ ದಿನ ಗೊತ್ತಾಯಿತು. ಅವಧಿಯನ್ನು ಆಗಲೇ ಒಮ್ಮೆ ವಿಸ್ತರಿಸಿದ್ದರು, ಇನ್ನೊಮ್ಮೆ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ. ಆ ವರ್ಷ ಆದರೆ ಆಯಿತು, ಇಲ್ಲವಾದರೆ ಇಲ್ಲ. ಗೆದ್ದವರು ಪ್ರಯೋಗಾಲಯಕ್ಕೆಲ್ಲ ಊಟ ಹಾಕಬೇಕು. ಅದಕ್ಕೆಂದು ಅವಳ ತಾಯಿ ಸ್ತೆಫಾನಿಯಾ ಅಕ್ಟೋಬರಿನಲ್ಲೇ ಎಲೆಕೋಸು ಹುಳಿಹಾಕಿ ಇಟ್ಟಿದ್ದಾಳೆಂದು ಸುದ್ದಿ ಬಂತು.

ನವೆಂಬರ್ ಒಂದು ಬಂತು. ಅಂದು ನಮ್ಮಲ್ಲಿ ಊರಿಗೆ ಊರೇ ಸ್ಮಶಾನಕ್ಕೆ ಹೋಗುತ್ತದೆ, ತಂತಮ್ಮ ಸತ್ತವರ ಮುಂದೆ ಸೇವಂತಿಗೆ ಇಟ್ಟು ದೀಪ ಹಚ್ಚುತ್ತದೆ. ಕಟ್ಟಡ ಖಾಲಿ, ಲಿಫ್ಟು ಅಲುಗುವುದಿಲ್ಲ. ಗಡಿಯಾರದವರಿಗೆ ಇಂಥ ನಿಶ್ಶಬ್ದ ವರ್ಷಕ್ಕೆರಡು ಸಲ ಸಿಕ್ಕರೆ ಹೆಚ್ಚು. ಹಾಗಾಗಿ ನಾವು ಪ್ರತಿ ವರ್ಷ ಸತ್ತವರನ್ನು ಬಿಟ್ಟು ಗಡಿಯಾರದ ಹತ್ತಿರ ಇರುತ್ತೇವೆ. ಬೆಳಗ್ಗೆ ಬೊಗ್ನಾಳ ಫೋನು ಬಡಿಯಿತು. ಕೈ ತಿರುಪಿನ ಮೇಲಿದ್ದುದರಿಂದ ಗಟ್ಟಿಯಾಗಿ ಕೇಳುವಂತೆ ಇಟ್ಟಳು. ಸ್ತೆಫಾನಿಯಾಳ ದನಿ ಕೋಣೆಯಲ್ಲೆಲ್ಲ ತುಂಬಿತು.

"ಮೂರನೇ ವರ್ಷ ಕಣೇ ಇದು. ಊರೋರೆಲ್ಲ ಮಕ್ಕಳು ಮರಿ ಕಟ್ಕೊಂಡು ಬಂದಿರ್ತಾರೆ, ನಿಮ್ಮಪ್ಪನ ಮುಂದೆ ನಾನೊಬ್ಳೇ ಗೂಟದ ಹಂಗೆ ನಿಂತಿರ್ತೀನಿ. ಮಗಳೆಲ್ಲಿ ಅಂದ್ರೆ ಏನು ಹೇಳ್ಲಿ? ಗಡಿಯಾರ ಕಾಯ್ತಾ ಅವ್ಳೆ ಅನ್ಲಾ?"

"ಅಮ್ಮಾ, ನಾನು ಎದ್ರೆ ನಿಂತುಹೋಗುತ್ತೆ."

"ನಿಂತ್ರೆ ನಿಲ್ಲಲಿ! ಹೋದೋರಿಗಿಲ್ಲದ ಸೇವೆ ಅದಕ್ಯಾಕೆ?"

ಹೊರಗಿನ ಕೋಣೆಯಲ್ಲಿ ಕೇಳುತ್ತಿದ್ದ ನಾನು ತಡೆಯಲಾರದೆ ಒಳಗೆ ನುಗ್ಗಿದೆ. ಓಲ್ಗ್ಯೆರ್ಡ್ ಹಳೆಯ ಯಂತ್ರವೊಂದರಿಂದ ಬಿಚ್ಚಿದ ಎರಡು ಮೋಟಾರುಗಳನ್ನು ಆ ವಾರ ತಾನೇ ಕನ್ನಡಿಗೆ ಕಟ್ಟಿ ಪರೀಕ್ಷಿಸುತ್ತಿದ್ದ. ಅವನ್ನು ಹಚ್ಚಿ ನೋಡೋಣ, ನೀನು ಏಳು ಎಂದೆ.

"ನಿಂತುಹೋದ್ರೆ?"

"ನಿಂತುಹೋದ್ರೆ ನನ್ನ ಬೈಯಿ. ಹೋಗೇ ಮಾರಾಯ್ತಿ, ಆ ತಾಯಿ ಬಾಯಿಂದ ಇನ್ನೊಂದು ಮಾತು ಕೇಳೋಕೆ ನನ್ನ ಕೈಲಾಗಲ್ಲ."

ಅವಳು ಕೋಟು ಹಾಕಿಕೊಂಡು ಹೊರಟಳು. ಬಾಗಿಲಿನಿಂದ ಎರಡು ಸಲ ವಾಪಸು ಬಂದು ನೋಡಿದಳು. ಮೂರನೇ ಸಲ ನಾನು ಬಾಗಿಲು ಹಾಕಿಬಿಟ್ಟೆ.

ಓಲ್ಗ್ಯೆರ್ಡ್ ಮತ್ತು ನಾನು ಹೊರಗಿನ ಕೋಣೆಯಲ್ಲಿ ಪರದೆಯ ಮುಂದೆ ಕೂತೆವು. ಮೋಟಾರುಗಳು ಗೊರಗೊರ ಅಂದರೂ ಪಂಜರ ಒಡೆಯಲಿಲ್ಲ. ಗಡಿಯಾರ ನಡೆಯುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ನಮ್ಮ ಗಡಿಯಾರದ ವೇಗ ತೋರಿಸುವ ಗೆರೆ ಮೇಲೇಳತೊಡಗಿತು. ನಿಧಾನವಾಗಿ, ಹಿಟ್ಟು ಉಬ್ಬಿದ ಹಾಗೆ. ಎದ್ದು ಎದ್ದು ಬೆಟ್ಟದವರ ಗೆರೆಯ ಮೇಲೆ ಹೋಗಿ ಕೂತು ಅಲ್ಲೇ ನಿಂತುಬಿಟ್ಟಿತು. ಎರಡು ವರ್ಷದಿಂದ ಬಾರದ ಹೊಂದಾಣಿಕೆ!

"ಬಂತು! ಹೆನ್ರಿಕಾ, ಬಂತು!" ಎಂದು ಓಲ್ಗ್ಯೆರ್ಡ್ ಕುರ್ಚಿಯಿಂದ ಹಾರಿ ನನ್ನ ಕೆನ್ನೆಗೆ ಮುತ್ತು ಕೊಟ್ಟ. ನಾನೂ ನಕ್ಕೆ. ಮೋಟಾರಿನಿಂದ ಕನ್ನಡಿ ಗಟ್ಟಿಯಾಗಿ ನಿಂತಿದೆ, ಅದಕ್ಕೇ ಇರಬೇಕು ಅಂದುಕೊಂಡೆವು. ಬೊಗ್ನಾಳಿಗೆ ಫೋನು ಮಾಡಿದೆವು. ಸ್ಮಶಾನದ ಗದ್ದಲದಲ್ಲಿ ಅವಳಿಗೆ ಸರಿಯಾಗಿ ಕೇಳಿಸಲಿಲ್ಲ.

ಸಂಜೆ ಓಡಿಯೇ ಬಂದಳು. ಕೋಟಿನಲ್ಲಿ ಮೇಣದ ವಾಸನೆ, ಮೂಗು ಕೆಂಪು. ಪರದೆ ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅವಳ ಕಣ್ಣು ಹಾಗೆ ಹೊಳೆದದ್ದನ್ನು ನಾನು ಅದೇ ಮೊದಲು ನೋಡಿದ್ದು, ಆಮೇಲೆ ನೋಡಲಿಲ್ಲ.

"ಏನ್ ಮಾಡಿದ್ರಿ? ನಿಜ ಹೇಳಿ, ಏನ್ ಮಾಡಿದ್ರಿ?"

"ಏನೂ ಇಲ್ಲ. ನೀನಿಲ್ದೇ ಇದ್ರೆ ಅದಕ್ಕೆ ಬುದ್ಧಿ ಬರುತ್ತೆ," ಎಂದ ಓಲ್ಗ್ಯೆರ್ಡ್. ತಮಾಷೆಗೆ ಅಂದದ್ದು, ಪಾಪ.

ಅವಳು ನಗುತ್ತಲೇ ಒಳಗೆ ಹೋಗಿ, ಕನ್ನಡಿ ನೋಡುತ್ತೇನೆಂದು ಅಭ್ಯಾಸಬಲದಿಂದ ಸ್ಟೂಲು ಎಳೆದುಕೊಂಡು ಕೂತಳು. ಎಡಭುಜ ಕಿಟಕಿಯ ಗಾಜಿಗೆ. ನಾವು ಹೊರಗೆ ಚಹಾ ಸುರಿದುಕೊಂಡೆವು. ನನ್ನ ಲೋಟ ಖಾಲಿಯಾಗುವಷ್ಟರಲ್ಲಿ ಗೆರೆ ಕೆಳಗೆ ಇಳಿಯತೊಡಗಿತ್ತು. ನಾನು ಓಲ್ಗ್ಯೆರ್ಡನ ಮುಖ ನೋಡಿದೆ, ಅವನು ನನ್ನದು ನೋಡಿದ. ಒಳಗೂ ಒಂದು ಪರದೆಯಿತ್ತು. ಬೊಗ್ನಾ ಅದನ್ನೇ ನೋಡುತ್ತಿದ್ದಳು. ಗೆರೆ ಮೊದಲಿನ ಜಾಗಕ್ಕೆ, ಆ ಎರಡು ವರ್ಷದ ಜಾಗಕ್ಕೆ, ಇಳಿದು ನಿಲ್ಲುವ ತನಕ ಅಲುಗದೆ ಕೂತಿದ್ದಳು. ಆಮೇಲೆ ಎದ್ದು ತನ್ನ ಭುಜವನ್ನು ಬಲಗೈಯಿಂದ ಮುಟ್ಟಿ ನೋಡಿಕೊಂಡಳು. ಕಿಟಕಿಯ ಗಾಜನ್ನು ಮುಟ್ಟಿದಳು. ಹೊರಗೆ ಬಂದು ಗೋಡೆಗೆ ಒರಗಿ ನಿಂತಳು.

"ನಾನೇ," ಎಂದಳು.

ಗಡಿಯಾರ ನಡೆದಾಗಲೆಲ್ಲ ಅವಳು ಪಕ್ಕದಲ್ಲಿದ್ದಳು. ಅವಳಿಲ್ಲದೆ ಅದು ನಡೆದದ್ದೇ ಇರಲಿಲ್ಲ. ಇನ್ನು ಯಾರಿಗೆ ಹೇಗೆ ಗೊತ್ತಾಗಬೇಕು? ಅವಳ ಮೈ ಬಿಸಿಗೆ ಗಾಜು ಬೆಚ್ಚಗಾಗುತ್ತಿತ್ತು, ಆ ಗಾಜಿನ ಬಿಸಿಯನ್ನು ಪರಮಾಣುಗಳು ಕಾಣುತ್ತಿದ್ದವು. ಕುಲುಮೆಗೆ ಹೆದರಿ ಅತ್ತ ಮಾಪಕ ಸುರಿದೆವು. ಇತ್ತ ಕೂತಿದ್ದ ಒಲೆಗೆ ನಾವೇ ಹೆಸರಿಟ್ಟು ನಗುತ್ತಿದ್ದೆವು.

ಮರುದಿನ ಪ್ರೊಫೆಸರ್ ಎಲ್ಲ ಕೇಳಿ ಕನ್ನಡಕ ಒರೆಸಿಕೊಂಡರು. ನಂತರ ನಿಧಾನವಾಗಿ ಮಾತು ಶುರುಮಾಡಿದರು.

"ನೋಡಮ್ಮ, ಗೆರೆ ಎಷ್ಟು ಇಳೀತು ಅಂತ ಅಳೆದು ಕಳೆದುಬಿಟ್ರೆ ಆಯ್ತಲ್ಲ."

"ಒಂದಿನ ಕೋಟು ಹಾಕ್ಕೊಂಡು ಕೂತಿದ್ದೆ, ಒಂದಿನ ಇಲ್ದೆ. ಒಂದಿನ ಜ್ವರ ಬಂದಿತ್ತು. ಯಾವತ್ತು ಎಷ್ಟು ಹತ್ತಿರ ಇದ್ದೆ ಅಂತ ಯಾರಿಗೆ ಗೊತ್ತು? ಏನಂತ ಕಳೀಲಿ?"

"ಹಾಗಾದ್ರೆ ಈಗ ಪರೀಕ್ಷೆ ಮುಗಿಸ್ಬಿಡು. ತಿದ್ದುಪಡಿ ಆಮೇಲೆ ಪ್ರಕಟಿಸಿದ್ರಾಯ್ತು. ಪರೀಕ್ಷಕರಲ್ಲಿ ಯಾರೂ ನಿನ್ನ ಸ್ಟೂಲು ನೋಡಿಲ್ಲ. ಅವರಿಗೇನು ಗೊತ್ತಾಗುತ್ತೆ?"

ಬೊಗ್ನಾ ಅವರನ್ನು ಒಂದು ಥರಾ ನೋಡಿದಳು. ಸಿಟ್ಟಿರಲಿಲ್ಲ. ದಣಿವು.

"ನಮ್ಮದು ಮಿಕ್ಕೋರದಕ್ಕಿಂತ ನಿಜ ಹೇಳುತ್ತೆ ಅಂತ ಬರ್ದಿದೀನಿ ಸಾರ್, ಮೊದಲ್ನೇ ಪುಟದಲ್ಲೇ."

ಪ್ರೊಫೆಸರ್ ಕೆಟ್ಟವರಲ್ಲ. ಆ ಹೊತ್ತಿನಲ್ಲಿ ನನಗೆ ಮಾತ್ರ ಅವರ ಕನ್ನಡಕ ಕಿತ್ತು ಎಸೆಯುವಷ್ಟು ಕೋಪ ಬಂದಿತ್ತು. ಎರಡು ಮೋಟಾರು ತರಿಸಿದ್ದರೆ ಮುಗಿಯುತ್ತಿತ್ತಲ್ಲ! ಹೇಳಿಯೂ ಬಿಟ್ಟೆ.

ಬೊಗ್ನಾ ಕೇಳಿದ್ದು ಒಂದೇ: ತನ್ನ ತಪ್ಪು ಎಷ್ಟು ಎಂದು ತಾನೇ ಸರಿಯಾಗಿ ಅಳೆಯಬೇಕು. ಆ ವಾರವೆಲ್ಲ ಅದೇ ಕೆಲಸ. ಅವಳು ಪಾತ್ರೆಯ ಪಕ್ಕ ಕೂರುವುದು, ಗೆರೆ ಇಳಿದು ನಿಲ್ಲುವುದು. ಎದ್ದು ಹೊರಬರುವುದು, ಗೆರೆ ಏರುವುದು. ಸ್ಟೂಲು ಇಷ್ಟು ದೂರ, ಇನ್ನೂ ಅಷ್ಟು ದೂರ. ಓಲ್ಗ್ಯೆರ್ಡ್ ಹೊರಗಿನಿಂದ ಮೈಕಿನಲ್ಲಿ ಕೂಗಬೇಕು, "ಬೊಗ್ನಾ ಒಳಗೆ... ಬೊಗ್ನಾ ಹೊರಗೆ." ಎರಡನೇ ದಿನ ಅವನು ಮೈಕು ಕೆಳಗಿಟ್ಟ. "ನನ್ನ ಕೈಲಿ ಆಗಲ್ಲ, ಬೇರೆ ಯಾರನ್ನಾದ್ರೂ ಕೂರಿಸೋಣ," ಎಂದ. ಬೊಗ್ನಾ ಒಪ್ಪಲಿಲ್ಲ.

"ಆ ಅಳತೆಯಲ್ಲಿರೋದು ನನ್ನ ಬಿಸಿ ಕಣೋ. ಬೇರೆಯವರದ್ದು ತಗೊಂಡು ಏನು ಮಾಡ್ಲಿ? ಕೂಗು."

ಸಂತೆಯಲ್ಲಿ ದನ ತೂಗಿದ ಹಾಗೆ ಅವಳು ತನ್ನನ್ನೇ ತೂಗಿಕೊಂಡಳು. ನಾನು ಎರಡು ಸಲ ಎದ್ದುಹೋಗಿ ಪಾಯಿಖಾನೆಯಲ್ಲಿ ಅತ್ತು ಬಂದೆ. ಕೊನೆಯ ದಿನ, ಎಷ್ಟು ದೂರ ಹೋದರೆ ಗೆರೆ ಅಲುಗುವುದಿಲ್ಲವೋ ಅಲ್ಲಿ ಮೊಣಕಾಲೂರಿ, ನೆಲದ ಮೇಲೆ ಹಳದಿ ಪಟ್ಟಿಯೊಂದನ್ನು ಈ ಗೋಡೆಯಿಂದ ಆ ಗೋಡೆಗೆ ಅಂಟಿಸಿದಳು. ಅದರ ಇತ್ತ ನಿಂತು ಸ್ಟೂಲನ್ನು ಕಾಲಿಂದ ಹೊರಗೆ ಎಳೆದಳು. ಮತ್ತೆ ಒಳಗೆ ಹೋಗಲಿಲ್ಲ. ಎರಡು ಚಳಿಗಾಲದ ಅಳತೆಯನ್ನು ಮತ್ತೆ ಮಾಡಲು ಸಮಯ ಉಳಿದಿರಲಿಲ್ಲ, ಪ್ರಬಂಧವನ್ನು ಹಿಂದಕ್ಕೆ ಪಡೆದಳು.

ಪರೀಕ್ಷೆ ನಡೆಯಬೇಕಿದ್ದ ದಿನ ಮಧ್ಯಾಹ್ನ ಸ್ತೆಫಾನಿಯಾ ಬಂದಳು. ಎರಡು ಕೈಯಲ್ಲಿ ಎರಡು ದೊಡ್ಡ ಪಾತ್ರೆ, ಬಟ್ಟೆಯಲ್ಲಿ ಸುತ್ತಿದ್ದು. ರೈಲಿನಲ್ಲಿ ಹೊತ್ತು ತಂದಿದ್ದಳು. ಹುಳಿ ಎಲೆಕೋಸು, ಮಾಂಸ, ಒಣ ಅಣಬೆ ಹಾಕಿ ಮೂರು ದಿನ ಕುದಿಸಿದ ಬೀಗೊಸ್. ಗಸಗಸೆಯ ಸುರುಳಿ ರೊಟ್ಟಿ ಬೇರೆ. ಬೊಗ್ನಾ ಆಗಲೇ ಊರಿಗೆ ಹೋಗಿಬಿಟ್ಟಿದ್ದಳು, ತಾಯಿ ಒಬ್ಬಳೇ ಬಂದಿದ್ದಳು.

"ಮಾಡಿಟ್ಟಿದ್ನಲ್ಲ. ಚೆಲ್ಲಕ್ಕಾಗುತ್ತಾ? ತಿನ್ನಿ," ಎಂದು ತಟ್ಟೆ ಹುಡುಕಿದಳು.

ತಿಂದೆವು. ಸಾವಿನ ಮನೆಯ ಊಟ ಇದಕ್ಕಿಂತ ಗೆಲುವಾಗಿರುತ್ತದೆ. ಪ್ರೊಫೆಸರ್ ತಟ್ಟೆ ಖಾಲಿಮಾಡಿ, "ನಿಮ್ಮ ಮಗಳು ದೊಡ್ಡ ಕೆಲಸ ಮಾಡಿದ್ದಾಳಮ್ಮ," ಎಂದರು.

ಸ್ತೆಫಾನಿಯಾ ಅವರ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. "ದೊಡ್ಡ ಕೆಲ್ಸ ಮಾಡಿದೋಳು ಮನೇಲಿ ಗೋಡೆ ನೋಡ್ಕೊಂಡು ಕೂತವ್ಳೆ ಸ್ವಾಮಿ. ನಾನು ಹತ್ರ ಹೋದ್ರೆ ಜರುಗಿ ಕೂರ್ತಾಳೆ. ಏನ್ ಮಾಡಿದ್ರಿ ಅವಳ್ಗೆ?"

ಪ್ರೊಫೆಸರ್ ತಲೆ ತಗ್ಗಿಸಿ ಆ ಸೌಟನ್ನೂ ತಿಂದರು. ನಾನು ಪಾತ್ರೆಗಳನ್ನು ತೊಳೆದುಕೊಟ್ಟು ಆಕೆಯನ್ನು ರೈಲು ಹತ್ತಿಸಿ ಬಂದೆ.

ಮುಂದಿನದು ನೀವೇ ಊಹಿಸಬಹುದು. ಒಳ್ಳೆಯ ಮೋಟಾರುಗಳು ಬಂದವು. ಗಡಿಯಾರ ಈಗ ವಾರಗಟ್ಟಲೆ ಕಣ್ಣು ಮಿಟುಕಿಸದೆ ನಡೆಯುತ್ತದೆ, ಕೋಣೆಯಲ್ಲಿ ಯಾರೂ ಇರುವುದಿಲ್ಲ. ಓಲ್ಗ್ಯೆರ್ಡ್ ಅದರ ಮೇಲೆ ಡಾಕ್ಟರೇಟು ಪಡೆದ, ಊಟ ಹಾಕಲಿಲ್ಲ, ಯಾರೂ ಕೇಳಲೂ ಇಲ್ಲ. ಲೇಖನ ಅಚ್ಚಾಯಿತು. ಬೊಗ್ನಾಳ ಹೆಸರು ಅದರಲ್ಲಿ ಇಲ್ಲ, ಬೇಡವೆಂದು ಅವಳೇ ಬರೆದು ಕಳಿಸಿದ್ದಳು. ಆದರೆ ಇಂಥ ಲೇಖನದಲ್ಲಿ ಗಡಿಯಾರವನ್ನು ದಾರಿ ತಪ್ಪಿಸುವ ಸಂಗತಿಗಳನ್ನೆಲ್ಲ ಒಂದೊಂದಾಗಿ ಕೋಷ್ಟಕದಲ್ಲಿ ಹಾಕುವುದು ನಮ್ಮ ಶಿಸ್ತು. ಅದರಲ್ಲಿ ಅಯಸ್ಕಾಂತದ ಸಾಲು ಮತ್ತು ಎತ್ತರದ ಸಾಲಿನ ನಡುವೆ ಇನ್ನೊಂದು ಸಾಲಿದೆ: "ಕೋಣೆಯಲ್ಲಿ ಮನುಷ್ಯ." ಎದುರಿಗೆ ಅವಳು ಅಳೆದ ಅಂಕಿ.

ಅಚ್ಚಾದ ವರ್ಷ ನವೆಂಬರ್ ಒಂದರಂದು ನಾನು ಗಡಿಯಾರವನ್ನು ಅದರ ಪಾಡಿಗೆ ಬಿಟ್ಟು ರೈಲು ಹತ್ತಿ ಅವಳ ಊರಿಗೆ ಹೋದೆ. ಅವಳು ಅಲ್ಲಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾಳೆ. ಸ್ಮಶಾನದಲ್ಲಿ ಕಾಲಿಡಲು ಜಾಗವಿರಲಿಲ್ಲ, ಸಾವಿರಾರು ದೀಪ, ಮೇಣದ ಹೊಗೆ, ಭುಜಕ್ಕೆ ಭುಜ ಒತ್ತಿಕೊಂಡು ಜನ. ಸ್ತೆಫಾನಿಯಾ ಸಮಾಧಿಯ ಕಲ್ಲು ಒರೆಸುತ್ತಿದ್ದಳು. ಬೊಗ್ನಾ ಆಕೆಯಿಂದ ಒಂದು ಮಾರು ದೂರ ನಿಂತಿದ್ದಳು. ಮೊದಲಿಗೆ ನನಗೆ ಅದು ಗೊತ್ತಾಗಲಿಲ್ಲ. ನಾನು ಹತ್ತಿರ ಹೋದೆ, ಅವಳು ಅಷ್ಟೇ ಹಿಂದೆ ಸರಿದಳು. ಬೇಕೆಂದು ಮಾಡಿದ್ದಲ್ಲ, ಮೈಗೆ ಅಂಟಿದ ಅಭ್ಯಾಸ.

ಲೇಖನ ಕೊಟ್ಟೆ. ದೀಪದ ಬೆಳಕಿಗೆ ಹಿಡಿದು ಪುಟ ಮಗುಚಿ ಕೋಷ್ಟಕ ಹುಡುಕಿದಳು. ಆ ಸಾಲಿನ ಮೇಲೆ ಬೆರಳಿಟ್ಟು ಕೊನೆಯ ಅಂಕಿಯ ತನಕ ಓದಿದಳು.

"ಸರಿಯಾಗಿದೆ," ಎಂದಳು.

ಲೇಖನ ಮಡಿಸಿ ನನಗೆ ವಾಪಸು ಕೊಟ್ಟಳು. ಅಪ್ಪನ ದೀಪ ಗಾಳಿಗೆ ಆರಿತ್ತು, ಬಗ್ಗಿ ಹಚ್ಚಿದಳು. ಬಗ್ಗಿಕೊಂಡೇ ಕೇಳಿದಳು.

"ಹೆನ್ರಿಕಾ, ನಾನವತ್ತು ಬ್ರೆಡ್ಡಿಗೆ ಹೋಗ್ದೇ ಪಕ್ಕದಲ್ಲೇ ಕೂತಿದ್ರೂ ಅಪ್ಪ ಹೋಗ್ತಿದ್ದ, ಅಲ್ವಾ?"

"ಹೋಗ್ತಿದ್ದ ಕಣೇ."

"ಮತ್ತೆ ಕೂತಿದ್ದು ಯಾತಕ್ಕೆ ಬಂತು?"

ಚಳಿಗೆ ನನ್ನ ಬೆರಳುಗಳು ಸೆಟೆದಿದ್ದವು. ಕೈಗವಸು ಕಿತ್ತು ಅವಳ ಕೈ ಹಿಡಿದುಕೊಂಡೆ. ಅದೇ ಬಿಸಿ, ಸ್ವಲ್ಪವೂ ಕಡಿಮೆಯಾಗಿರಲಿಲ್ಲ. ಅವಳು ಎಳೆದುಕೊಳ್ಳಲು ನೋಡಿದಳು.

"ಹತ್ತಿರ ಬಾರೇ," ಎಂದೆ. "ನಾನೇನು ಗಡಿಯಾರ ಅಲ್ಲ."

ಅವಳು ಬರಲಿಲ್ಲ. ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ಹಾಗೇ ತೋಳು ಚಾಚಿಕೊಂಡು, ನಡುವೆ ಅಷ್ಟು ಜಾಗ ಬಿಟ್ಟುಕೊಂಡು, ಸ್ತೆಫಾನಿಯಾ ಕಲ್ಲು ಒರೆಸಿ ಮುಗಿಸುವ ತನಕ ಇಬ್ಬರೂ ನಿಂತಿದ್ದೆವು.